ಪೂಜೆಯಿಂದ ಎತ್ತಿಕೊಟ್ಟ ಹೂವು

೧೯೬೧ರ ಮಾತು. ವಿಜ್ಞಾನದ ಪರೀಕ್ಷೆಗೆ ಎರಡು ಸಸ್ಯ ಕುಟುಂಬಗಳ ಹೂವು ಒಯ್ದು, ಅವುಗಳ ವ್ಯತ್ಯಾಸ ಹೇಳಿ ನಾನು ಪಾಸಾಗಬೇಕಿತ್ತು. ಚಿಕ್ಕೇರೂರಿನಿಂದ ಹಿರೇಕೆರೂರಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. "ಈ ಸಲ ನಪಾಸಾದ್ರ ಸಾಲಿ ಸಾಕು ಹಾಲವ್ವ, ಗಂಡಿನ ಕಡೆಯವ್ರಿಗೆ ಮಾತು ಕೊಡ್ತೇನಿ" ಎಂದಿದ್ದ ಅಪ್ಪ. ಅಪ್ಪನ ಮಾತೆಂದರೆ ಕಲ್ಲಿನ ಗೆರೆ.

ಪರೀಕ್ಷೆಯ ದಿನ ಬೆಳಗ್ಗೆ ಹೊಲದಿಂದ ಹತ್ತಿಯದೊಂದು, ಬದುವಿನ ದತ್ತೂರಿಯದೊಂದು ಹೂವು ತಂದು ಬುಟ್ಟಿಯಲ್ಲಿಟ್ಟು ಜಳಕಕ್ಕೆ ಹೋದೆ. ಬುದ್ಧಿಗೇಡಿ ನಾನು. ನಮ್ಮ ಮನೆಯಲ್ಲಿ ಬೆಳಗಿನ ಹೂವೆಂದರೆ ದೇವರದು. ಬಂದು ನೋಡಿದರೆ ಬುಟ್ಟಿ ಖಾಲಿ. ಅವ್ವ ಪೂಜೆಗೆ ಕುಳಿತಿದ್ದಳು. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ನನ್ನ ಎರಡೂ ಹೂವು, ವಿಭೂತಿ.

ಮತ್ತೆ ಹೊಲಕ್ಕೆ ಓಡಿದರೆ ಬಸ್ಸು ತಪ್ಪುತ್ತಿತ್ತು. ಎತ್ತು ಹಗ್ಗ ಹರಿದುಕೊಂಡು ಜೋಳಕ್ಕೆ ಬಿದ್ದಾಗಲೂ ಪೂಜೆಯಲ್ಲಿ ಕಣ್ಣು ತೆರೆಯದವಳು ಅವ್ವ. ನಾನು ಹೊಸ್ತಿಲಲ್ಲಿ ನಿಂತು ಅಳತೊಡಗಿದೆ. ಅವಳು ಕಣ್ಣು ತೆರೆದಳು.

"ಇವು ನಿನ್ನ ಪರೀಕ್ಷಾದ ಹೂ ಏನು?"

ತಲೆಯಾಡಿಸಿದೆ. ಲಿಂಗವನ್ನೇ ಸ್ವಲ್ಪ ಹೊತ್ತು ನೋಡಿದವಳು, ಒಂದೊಂದೇ ಹೂವು ಎತ್ತಿ ನನ್ನ ಕೈಗಿಟ್ಟಳು. "ನೀ ಸಾಲಿಗೆ ನಡಿ. ದೇವರಿಗೆ ನಾ ಹೇಳ್ತೇನಿ."

ಪರೀಕ್ಷೆಗೆ ಧಾರವಾಡದಿಂದ ಬಂದಿದ್ದ ಮಾಸ್ತರರು ಬ್ಲೇಡು ಕೊಟ್ಟು, ಹೂವು ಸೀಳಿ ತೋರಿಸು ಎಂದರು. ನನಗೆ ಕೈ ಏಳಲಿಲ್ಲ.

"ಈ ಬಿಳೇದೇನವಾ, ಪರಾಗ ಏನು?"

"ವಿಭೂತಿ ರಿ. ನಮ್ಮವ್ವ ಲಿಂಗದ ಮ್ಯಾಲಿಂದ ತಗದು ಕೊಟ್ಟಾಳ್ರಿ."

ಅವರು ಬ್ಲೇಡನ್ನು ಇಸಿದುಕೊಂಡರು. "ಹಂಗಾರ ಸೀಳೋದು ಬ್ಯಾಡ. ಬಾಯಿಲೇ ಹೇಳು."

ಹೇಳಿದೆ. ಹತ್ತಿಗೆ ಐದೂ ಎಸಳು ಬಿಡಿ, ಕೇಸರಗಳು ಮಾತ್ರ ಕೂಡಿ ನಡುವೆ ಕೊಳವೆಯಾಗಿರುತ್ತವೆ. ಬೆಂಡೆ, ದಾಸವಾಳದ ಹೂವೂ ಹಾಗೆಯೇ. ದತ್ತೂರಿ ಬದನೆಯ ಕುಟುಂಬದ್ದು: ಎಸಳುಗಳೇ ಕೂಡಿ ತುತ್ತೂರಿಯಾಗುತ್ತವೆ, ಐದು ಕೇಸರಗಳು ಬಿಡಿಬಿಡಿಯಾಗಿ ಅದರ ಒಳಗೋಡೆಗೆ ಅಂಟಿರುತ್ತವೆ. ಮಾಸ್ತರರು ಪಾಸು ಎಂದರು.

ಸಂಜೆ ಮನೆಗೆ ಬಂದರೆ ಅವ್ವನ ಪಾಲಿನ ರೊಟ್ಟಿ ಹಾಗೇ ಇತ್ತು. ಪೂಜೆ ಮುಗಿಯದೆ ಅವಳು ನೀರೂ ಮುಟ್ಟುವವಳಲ್ಲ.

"ಬ್ಯಾರೆ ಹೂ ಇರಲಿಲ್ಲೇನಬೇ?"

"ಏರಿಸಿದ್ದು ಆ ಹೂ. ಅವು ಹೊಳ್ಳಿ ಬರೂತನಕ ಕಾಯಬೇಕಲ್ಲ. ಎಲ್ಲಾ ಹೇಳಿದೇನು?"

"ಪಾಸಾದ್ನಿ. ಅವ್ರು ಸೀಳಿಸಿದ್ರ ಏನ್ ಮಾಡ್ತಿದ್ದಿ?"

"ಸೀಳಿದ್ದನ್ನ ಏರಸ್ತಿದ್ನಿ."

ನಾನು ಎರಡೂ ಹೂವು ಅವಳ ಕೈಗಿಟ್ಟೆ. ಹಳದಿ ಹತ್ತಿ ಹೂವು ಸಂಜೆಗೆ ಕೆಂಪಾಗಿತ್ತು, ದತ್ತೂರಿ ಬಾಡಿತ್ತು. ಅವ್ವ ಮತ್ತೆ ಜಳಕ ಮಾಡಿ ಬಂದು ಅವನ್ನೇ ಲಿಂಗಕ್ಕೆ ಏರಿಸಿದಳು. ಆಮೇಲೆ ರೊಟ್ಟಿ ಮುರಿದು, ಮೊದಲ ತುತ್ತು ನನ್ನ ಬಾಯಿಗಿಟ್ಟಳು.