ಕೆಮ್ಮಿನ ಚಿತ್ತಯ್ಯ

ಹರಿಯಬ್ಬೆಯ ಚಿತ್ತಯ್ಯನಿಗೆ ತನ್ನದೆಂಬ ಕೆಮ್ಮು ಇರಲಿಲ್ಲ. ಆ ಕಾಲದಲ್ಲಿ ಹಿರಿಯೂರು ಸೀಮೆಯ ಗಂಡಸರು ಪರರ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಒಳಗಿನ ಸೊಸೆಯಂದಿರು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿಯಲು ಅಷ್ಟು ಸಾಕಿತ್ತು, ಬಂದವರು ಯಾರೆಂದು ತಿಳಿಯಲೂ ಅಷ್ಟೇ ಸಾಕಿತ್ತು. ಚಿತ್ತಯ್ಯ ಮಾತ್ರ ಯಾರ ಅಂಗಳಕ್ಕೆ ಹೋದರೂ ಮೂಕನಂತೆ ನಿಂತಿರುತ್ತಿದ್ದ. ಅವನು ಕೆಮ್ಮಿದರೆ ಗೌಡರು ಬಂದರೆಂದು ಒಳಗಿನವರು ಕಂಬಳಿ ಹಾಸಿಬಿಡುತ್ತಿದ್ದರು, ಇಲ್ಲವೇ ಶಾನುಭೋಗರು ಬಂದರೆಂದು ಮನೆಯ ಯಜಮಾನ ಹಿತ್ತಲಿನಿಂದ ಜಾರಿಕೊಳ್ಳುತ್ತಿದ್ದ.

ಅದೇ ಅವನ ವಿದ್ಯೆ. ಸಂತೆ ಕರಗುವ ಇಳಿಹೊತ್ತಿನಲ್ಲಿ ಎರಡು ಗೂಟಗಳ ನಡುವೆ ಕರಿಕಂಬಳಿಯೊಂದನ್ನು ಕಟ್ಟಿ, ಅದರ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಊರ ಗಂಡಸರನ್ನು ಒಬ್ಬೊಬ್ಬರನ್ನಾಗಿ ಕೆಮ್ಮಿನಿಂದಲೇ ಕರೆತರುತ್ತಿದ್ದ. ಹಾಡಿಲ್ಲ, ವೇಷವಿಲ್ಲ, ಒಂದು ಮಾತೂ ಇಲ್ಲ. ಗುಂಪು ಕಿವಿಗೊಟ್ಟು ಕೇಳಿ, ಹೆಸರು ಕೂಗಿ, ಹೊಟ್ಟೆ ಹಿಡಿದು ನಗುತ್ತಿತ್ತು. ಗಂಡನ ಹೆಸರು ಬಾಯಲ್ಲಿ ಆಡಬಾರದ ಹೆಂಗಸರ ಪಾಡಂತೂ ಹೇಳತೀರದು. ಮನೆಯವರ ಕೆಮ್ಮು ಬಂದೊಡನೆ ಅಭ್ಯಾಸಬಲದಿಂದ ತಲೆಯ ಮೇಲೆ ಸೆರಗೆಳೆದು ಎದ್ದು ನಿಂತುಬಿಡುತ್ತಿದ್ದರು. ಬಂದವರು ಯಾರೆಂಬುದು ಆ ಸೆರಗಿನಿಂದಲೇ ಸಂತೆಗೆಲ್ಲ ತಿಳಿಯುತ್ತಿತ್ತು.

ಜವನಗೊಂಡನಹಳ್ಳಿಯ ಬೆಲ್ಲದ ವ್ಯಾಪಾರಿ ಪಂಚಾಕ್ಷರಪ್ಪನವರು ಅಂಗಡಿ ಬಿಟ್ಟು ಬಂದು ನಿಲ್ಲುತ್ತಿದ್ದರು. "ಲೇ ಚಿತ್ತಯ್ಯ, ಎಲ್ಲಾರ್ದೂ ಆತು. ನಂದು ಯಾವಾಗಲೇ?"

"ತಡೀರಿ ಸಾವ್ಕಾರ್ರೆ," ಎಂದು ಕಂಬಳಿಯ ಹಿಂದಿನಿಂದ ಉತ್ತರ ಬರುತ್ತಿತ್ತು. "ಅದು ನಿಮ್ ಹೊಟ್ಟೆ ದಾಟಿ ಬರಬೇಕಲ್ಲ, ದಾರಿ ದೂರ ಐತೆ."

ಚಿತ್ತಯ್ಯ ತೆಳ್ಳಗೆ, ಉದ್ದಕ್ಕಿದ್ದ. ತುಂಬಿದ ಕೊಡ ಹೊತ್ತವರಂತೆ ಕತ್ತು ಅಲುಗಿಸದೆ ನಡೆಯುತ್ತಿದ್ದ. ಬೆಂಕಿಯಂಥ ಬೇಸಗೆಯಲ್ಲೂ ಕೊರಳಿಗೊಂದು ಕೆಂಪು ವಸ್ತ್ರ ಸುತ್ತಿರಬೇಕು. ಹುಣಿಸೆಮರಗಳ ನೆರಳಿನಲ್ಲೇ ಬೆಳೆದರೂ ಹುಳಿಯನ್ನು ನಾಲಗೆಗೆ ಸೋಕಿಸಿದವನಲ್ಲ. ಮದುವೆಯ ಪಂಕ್ತಿಯಲ್ಲಿ ಸಾರು ಬಂದರೆ ಎಲೆಗೆ ಕೈ ಅಡ್ಡ ಹಿಡಿದು, "ಬ್ಯಾಡ್ರಪ್ಪ, ಇದು ಊರಿನ ಗಂಟ್ಲು, ಕೆಡಿಸ್ಬಾರ್ದು" ಎನ್ನುತ್ತಿದ್ದ.

ಹತ್ತೊಂಬೈನೂರ ಹದಿನೆಂಟನೆಯ ಇಸವಿಯ ಮಹಾನವಮಿಯ ಆಸುಪಾಸಿನಲ್ಲಿ ಆ ಜ್ವರ ಬಂತು. ಸರ್ಕಾರದವರು ಇನ್‌ಫ್ಲುಯೆಂಜಾ ಎಂದರು, ನಮ್ಮವರು ಕೆಮ್ಮುಜ್ವರ ಎಂದರು. ಬೆಳಿಗ್ಗೆ ಒಂದು ಮನೆಯಲ್ಲಿ ಕೆಮ್ಮು ಕೇಳಿಸಿದರೆ ಸಂಜೆಗೆ ಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೆಲವು ಹಟ್ಟಿಗಳಲ್ಲಿ ಹೆಣ ಹೊರಲು ಹೆಗಲುಗಳೇ ಉಳಿಯಲಿಲ್ಲ. ಜ್ವರ ಇಳಿದು ಸಂತೆಗಳು ಮತ್ತೆ ಕೂಡಿದಾಗ, ಜನಕ್ಕೆ ಈಗಲೇ ನಗು ಬೇಕಾಗಿರುವುದೆಂದು ಬಗೆದು ಚಿತ್ತಯ್ಯ ಕಂಬಳಿ ಕಟ್ಟಿದ. ಮೊದಲು ಅಭ್ಯಾಸದಂತೆ ಕುಂಬಾರ ಹನುಮಂತಪ್ಪನ ಕೆಮ್ಮು ಬಂತು. ಗುಂಪಿನಲ್ಲಿದ್ದ ಅವನ ಹೆಂಡತಿ ಸೆರಗೆಳೆದು ಎದ್ದು ನಿಂತಳು. ನಿಂತ ಮೇಲೆ ತಾನು ವಿಧವೆಯೆಂಬುದು ನೆನಪಾಗಿ ಅಲ್ಲಿಯೇ ಕುಸಿದಳು. ಬದುಕಿದ್ದವರ ಕೆಮ್ಮನ್ನೇ ಆರಿಸಿ ಕೆಮ್ಮಿದರೆ ಆಯಿತೆಂದು ಮುಂದುವರಿಸಿದ. ಹತ್ತಿರವಿದ್ದವರು ಬಾಯಿಗೆ ಬಟ್ಟೆ ಹಿಡಿದು ಹಿಂದೆ ಸರಿದರು.

ಪಂಚಾಕ್ಷರಪ್ಪನವರು ಕಂಬಳಿಯ ಅಂಚೆತ್ತಿ ಒಳಗೆ ಬಗ್ಗಿದರು. "ಬಿಟ್ಟುಬಿಡಪ್ಪ," ಎಂದರು ಮೆಲ್ಲಗೆ. "ನೀನು ಕೆಮ್ಮಿದ್ರೆ ಹೋದೋರು ಬಂದಂಗಾಗ್ತೈತೆ, ಇರೋರು ಹೊಂಟಂಗಾಗ್ತೈತೆ."

ಚಿತ್ತಯ್ಯ ದುರ್ಗಕ್ಕೂ ಹೋಗಿ ನೋಡಿದ. ಆ ಪೇಟೆಯ ಜನಕ್ಕೆ ಪರದೆ, ಹಾರ್ಮೋನಿಯಂ, ಜರಿಯಂಗಿಯ ನಾಟಕ ಬೇಕಾಗಿತ್ತು. ಕಂಡರಿಯದ ಹರಿಯಬ್ಬೆಯವರ ಕೆಮ್ಮು ಕಟ್ಟಿಕೊಂಡು ಅವರಿಗೇನು? ಹಿಂದಿರುಗಿ ಕುರಿ ಕಾಯತೊಡಗಿದ. ಆದರೂ ಹುಳಿ ತಿನ್ನಲಿಲ್ಲ. ಗಂಟಲಲ್ಲಿದ್ದವರಲ್ಲಿ ಎಷ್ಟೋ ಮಂದಿ ಮಣ್ಣಾಗಿದ್ದರು. ತಾನು ಮರೆತರೆ ಅವರು ಇನ್ನೊಮ್ಮೆ ಸಾಯುತ್ತಾರೆಂಬ ಭಯ ಅವನಿಗೆ. ಕೇಳುವವರಿಲ್ಲದ ಮೇಲೆ ನೆನಪಿಟ್ಟು ಏನು ಮಾಡುವುದೆಂಬ ಕೊರಗೂ ಅವನದೇ. ಗುಡ್ಡದ ಓರೆಯಲ್ಲಿ ಕುರಿಗಳ ಮುಂದೆ ಒಂದೊಂದನ್ನೇ ಕೆಮ್ಮಿ ಜೋಪಾನ ಮಾಡುತ್ತಿದ್ದ.

ಒಂದು ದಿನ ಅದೇ ಊರಿನ ಪಾಲಮ್ಮ ಅಲ್ಲಿಗೇ ಹುಡುಕಿಕೊಂಡು ಬಂದಳು. ಅವಳ ಒಬ್ಬನೇ ಮಗ ಯತ್ತಪ್ಪ, ಇನ್ನೂ ಮದುವೆಯಾಗದವನು, ಹತ್ತಿಯ ಗಾಡಿಯೊಡನೆ ದುರ್ಗಕ್ಕೆ ಹೋಗಿ ಅಲ್ಲೇ ಜ್ವರಕ್ಕೆ ತುತ್ತಾಗಿದ್ದ. "ನನ್ ಮಗನ ಕೆಮ್ಮು ನಿನ್ತಾವ ಐತಂತಲ್ಲ ಚಿತ್ತಯ್ಯ. ಮನೆತಾವ ಬಂದು ಒಂದ್ಸಲ ಕೆಮ್ಮಪ್ಪ."

ಕಡೆಗೂ ಒಬ್ಬರು ಕೇಳಿದರು. ಚಿತ್ತಯ್ಯ ಕೆಂಪು ವಸ್ತ್ರವನ್ನು ಬಿಗಿಯಾಗಿ ಸುತ್ತಿಕೊಂಡು ಹೋದ. ಪಾಲಮ್ಮ ಒಳಗೆ ಕುಳಿತಳು. ಅವನು ಅಂಗಳದಲ್ಲಿ ಕಣ್ಣು ಮುಚ್ಚಿ ನಿಂತು ಕೆಮ್ಮಿದ: ಮೊದಲು ಚಿಕ್ಕದೊಂದು, ಆಮೇಲೆ ತಪ್ಪಾಯಿತೆಂಬಂಥ ಉದ್ದನೆಯದೊಂದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಯತ್ತಪ್ಪ.

ಪಾಲಮ್ಮ ಬಾಗಿಲಿಗೆ ಬಂದು ಕೇಳಿದಳು: "ಇದು ಯಾರ್ದಪ್ಪ?"

ಅವನ ಜೀವಮಾನದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. "ನಿನ್ ಮಗಂದೇ ಕಣವ್ವ."

"ಅಲ್ಲ. ಅವ್ನೆಲ್ಲಿ ಕೆಮ್ತಿದ್ದ? ಹಟ್ಟಿ ಬಾಯ್ನಾಗಿಂದ್ಲೇ 'ಅವ್ವಾ, ಉಣ್ಣಾಕೇನೈತೆ' ಅಂತ ಕೂಕ್ಕಂತ ಬರೋನು."

ಚಿತ್ತಯ್ಯನ ಕತ್ತು ಬಾಗಿತು. ಹೆತ್ತ ತಾಯಿಯ ಬಾಗಿಲಲ್ಲಿ ಯಾವ ಮಗ ಕೆಮ್ಮುತ್ತಾನೆ? ಪರರ ಅಂಗಳದ ಕೆಮ್ಮನ್ನು ತಾಯಿಯ ಅಂಗಳಕ್ಕೆ ತಂದಿದ್ದ. ತಿರುಗಿ ಹೊರಟ.

"ನಿಂತ್ಕಳಪ್ಪ," ಎಂದಳು ಪಾಲಮ್ಮ. "ಹೊರಗಡೆ ಹಿಂಗ್ ಕೆಮ್ತಿದ್ನಾ? ಯಾರ ಬಾಗ್ಲಾಗೆ?"

"ಗೌಡ್ರ ಬಾಗ್ಲಾಗೆ. ಒಂದ್ಸಲ ಕೆಮ್ಮಿ, ಯಾರೂ ಬರ್ಲಿಲ್ಲ ಅಂದ್ರೆ ಕಾಲು ಒರೆಸ್ಕಂಡು ಇನ್ನೊಂದ್ಸಲ ಕೆಮ್ಮೋನು."

"ಇಷ್ಟು ಮೆತ್ತಗಾ? ಮನ್ಯಾಗೆ ಹುಲಿ ಕಣೋ ಅವ್ನು." ಪಾಲಮ್ಮನ ತುಟಿಯಲ್ಲಿ ನಗು ಬಂದು ಅಲ್ಲೇ ಒಡೆಯಿತು. ಹೊಸ್ತಿಲ ಮೇಲೆ ಕುಳಿತುಕೊಂಡಳು. "ಇನ್ನೊಂದ್ಸಲ ಮಾಡು. ಆ ಮಗನ್ನ ನಾನು ನೋಡಿಲ್ಲ."

ಅವನು ಮಾಡಿದ. ಸಾಕೆನ್ನುವವರೆಗೂ ಮಾಡಿದ. ಆಮೇಲೆ ಅವನು ಎಲ್ಲಿಯೂ ಕಂಬಳಿ ಕಟ್ಟಲಿಲ್ಲ, ಯಾರೂ ಕರೆಯಲೂ ಇಲ್ಲ.

ಇಂಥವರನ್ನು ನಾವು ಅಣಕಿಸುವವರೆಂದು ಕರೆದು ನಕ್ಕು ಮುಂದೆ ಹೋಗುತ್ತೇವೆ. ನಮ್ಮ ಮನೆಯವರಿಗೆ ನಮ್ಮ ಒಳಗು ಗೊತ್ತು; ನಾವು ಪರರ ಮುಂದೆ ಹೇಗೆ ನಿಲ್ಲುತ್ತಿದ್ದೆವು, ಎಷ್ಟು ಅಳುಕುತ್ತಿದ್ದೆವು ಎಂಬುದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ನಮ್ಮ ಆ ಅರ್ಧವನ್ನು ಕೂಡಿಟ್ಟುಕೊಳ್ಳುವ ಜನ ಇವರು. ಗುಂಪು ಚದುರಿದ ಮೇಲೂ ಅದನ್ನು ಬಿಸುಟು ಹೋಗಲಾರರು. ಎಂದಾದರೂ ಯಾರಾದರೂ ಬಂದು ಕೇಳಬಹುದೆಂದು ಕಾಯುತ್ತಾರೆ. ಕೇಳುವವರು ಬರುವುದು ಬಹಳ ಕಡಿಮೆ.