ಲ್ಯುಬೆನನ ಬೈಕು ಬಿಚ್ಚಿದಾಗ

ನೆವೆನಾ ತೀರಿಹೋದ ಗಂಡನ ಹಳೆಯ ಬೈಕನ್ನು ತಳ್ಳಿಕೊಂಡು ಸ್ಟಾಮೆನನ ಅಂಗಳಕ್ಕೆ ಬಂದಾಗ ಎದುರುಮನೆಯ ಕಿಟಕಿಗಳಲ್ಲಿ ಪರದೆಗಳು ಸರಿದವು. ಹನ್ನೆರಡು ವರ್ಷಗಳಿಂದ ಅವಳ ಮನೆಯವರಾರೂ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತಿತ್ತು. ಟ್ರ್ಯಾಕ್ಟರ್ ಮೆಕ್ಯಾನಿಕ್ ಆಗಿದ್ದ ಸ್ಟಾಮೆನ್ ಆಗ ಈ ಬೈಕಿನ ಎಂಜಿನ್ ಬಿಚ್ಚಿ ಜೋಡಿಸಿಕೊಟ್ಟಿದ್ದ. ಎರಡೇ ವಾರದಲ್ಲಿ, ಬೆಟ್ಟದ ಇಳಿಜಾರಿನಲ್ಲಿ ಎಂಜಿನೊಳಗೆ ಪಿಸ್ಟನ್ ಬಿಗಿಯಾಗಿ ಹಿಡಿದುಕೊಂಡು ಹಿಂದಿನ ಚಕ್ರ ನಿಂತುಬಿಟ್ಟಿತು. ನೆವೆನಾಳ ಗಂಡ ಲ್ಯುಬೆನ್ ಬಿದ್ದು ಭುಜ ಮುರಿದುಕೊಂಡ. ಅವನ ಎಡಗೈ ಮತ್ತೆಂದೂ ತಲೆಯ ಮಟ್ಟಕ್ಕೆ ಏಳಲಿಲ್ಲ. ತಪ್ಪು ಸ್ಟಾಮೆನನದು ಎಂದು ಲ್ಯುಬೆನ್. ಪೆಟ್ರೋಲಿಗೆ ಬೆರೆಸುವ ಎಣ್ಣೆಯಲ್ಲಿ ಲ್ಯುಬೆನನೇ ಜುಗ್ಗತನ ಮಾಡಿದ ಎಂದು ಸ್ಟಾಮೆನ್. ಊರಿನ ಮದ್ಯದಂಗಡಿಯಲ್ಲಿ ಎಲ್ಲರೂ ಸ್ಟಾಮೆನನ ಮಾತು ನಂಬಿ ಲ್ಯುಬೆನನನ್ನು ನೋಡಿ ನಕ್ಕರು. ಲ್ಯುಬೆನ್ ಪಟ್ಟಣದಲ್ಲಿ ಪಿಸ್ಟನ್ ಮಾತ್ರ ಬದಲಿಸಿಕೊಂಡು, ಎಣ್ಣೆ ಹೆಚ್ಚು ಹಾಕಿ, ಹೊಗೆ ಬಿಡುತ್ತ ಊರೊಳಗಷ್ಟೇ ಓಡಾಡಿದ. ಹಿಂದಿನ ಚಳಿಗಾಲದಲ್ಲಿ ಹೃದಯಾಘಾತವಾಗಿ ತೀರಿಕೊಂಡ.

"ಸ್ಟಾಮೆನಣ್ಣ, ಮೇ ತಿಂಗಳಿಂದ ಬೆಟ್ಟದ ಮೇಲಿನ ಛತ್ರದಲ್ಲಿ ನನಗೆ ಅಡುಗೆ ಕೆಲಸ. ಬಸ್ ನಿಲ್ಸಿದ್ದಾರೆ. ಇದರಲ್ಲೇ ಹತ್ತಬೇಕು. ಓಡೋದು ಚೆನ್ನಾಗೇ ಓಡುತ್ತೆ, ಬ್ರೇಕ್ ಸ್ವಲ್ಪ ನೋಡು ಸಾಕು."

"ಓಡೋವಾಗ್ಲೇ ಬಿಚ್ಚಿ ನೋಡ್ಬೇಕು. ನಿಂತ್ಮೇಲೆ ಬಿಚ್ಚೋನು ಮೆಕ್ಯಾನಿಕ್ ಅಲ್ಲ, ಹೆಣ ಕೊಯ್ಯೋನು. ಬೇರೆ ಯಾರೂ ಸಿಗ್ಲಿಲ್ವಾ ನಿನಗೆ?"

"ಸಿಕ್ಕಿದ್ರೆ ನಿನ್ನ ಮುಖ ನೋಡೋಕೆ ಬರ್ತಿದ್ನಾ?"

ಸ್ಟಾಮೆನ್ ಹಳೆಯ ಹಾಸಿಗೆ ಹೊದಿಕೆಯೊಂದನ್ನು ನೆಲಕ್ಕೆ ಹಾಸಿದ. ಅವನು ಬಿಚ್ಚಿಕೊಟ್ಟದ್ದನ್ನು ನೆವೆನಾ ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಜೋಡಿಸಿದಳು. ಬ್ರೇಕಿನ ತಂತಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಕವಚ ಸರಿಸಿದರೆ ಎರಡೇ ಎಳೆ ಉಳಿದಿದ್ದವು. ಅದು ಹೋಗಿ ಹೊಸದು ಬಂತು. ಚೈನು ಹೋಯಿತು, ಚಕ್ರಗಳ ಬೇರಿಂಗುಗಳೂ ಹೋದವು. ಅವಳು ಬೇಡವೆಂದಾಗಲೆಲ್ಲ ಅವನದು ಒಂದೇ ಮಾತು, "ಹೇಗೂ ಬಿಚ್ಚಿದೀವಲ್ಲ."

ಮೂರನೆಯ ದಿನ ಎಂಜಿನನ್ನು ಎರಡು ಹೋಳು ಮಾಡಿದ. ಒಳಗೆ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಸೀಲುಗಳಿಗೆ ವಯಸ್ಸಾಗಿರುತ್ತದೆ, ಬದಲಿಸಿಬಿಡೋಣ ಎಂಬುದಷ್ಟೇ ಅವನ ಲೆಕ್ಕವಾಗಿತ್ತು. ಬಲಗಡೆಯ ಸೀಲನ್ನು ಕಂಡು ಅವನ ಕೈ ನಿಂತಿತು. ಸದ್ದಿಲ್ಲದೆ ಕಿತ್ತು ಬುಟ್ಟಿಗೆ ಎಸೆದಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ಯೋಚನೆ ಅವನಿಗೂ ಬಂತು. ಸ್ಟೂಲಿನ ಮೇಲೆ ಕುಳಿತುಬಿಟ್ಟ.

"ಏನಾಯ್ತು?"

"ಈ ಸೀಲಿನ ಅಂಚು, ಈ ತುಟಿ, ಮಡಚಿ ಕೂತಿದೆ, ನೋಡು. ಇಲ್ಲಿಂದ ಗಾಳಿ ನುಗ್ಗುತ್ತೆ. ಪೆಟ್ರೋಲು, ಎಣ್ಣೆ ಎರಡೂ ಸಾಲದೆ ಪಿಸ್ಟನ್ ಕಾದು ಹಿಡ್ಕೊಳುತ್ತೆ."

"ಪಟ್ಟಣದವನ ಕೆಲಸಾನಾ?"

"ಅವನು ಮೇಲ್ಗಡೆ ಮಾತ್ರ ಬಿಚ್ಚಿದ್ದು. ಇಲ್ಲಿವರೆಗೂ ಬಂದಿದ್ದು ನನ್ನ ಕೈಯೊಂದೇ. ಅವತ್ತು ಯಾರದೋ ಮದುವೆಗೆ ಹೊರಟಿದ್ದೆ. ಅವಸರದಲ್ಲಿ ಒತ್ತಿಬಿಟ್ಟಿದ್ದೀನಿ."

ನೆವೆನಾ ಕೈ ಒರೆಸಿಕೊಂಡು ಹೊರಗೆ ಹೋದಳು. ಇನ್ನು ಬರುವುದಿಲ್ಲ ಎಂದೇ ಅವನು ತಿಳಿದ. ಬಂದಳು. ಕಣ್ಣು ಕೆಂಪಾಗಿತ್ತು.

"ನಾನೂ ನನ್ನ ಗಂಡನ್ನ ನಂಬಲಿಲ್ಲ ಅಣ್ಣ. ಜುಗ್ಗ, ಜುಗ್ಗ ಅಂತ ಊಟ ಬಡಿಸ್ತಾನೂ ಹಂಗಿಸ್ದೆ."

"ನಾನೇನ್ ಮಾಡ್ಲಿ, ಹೇಳು."

"ಮೊದ್ಲು ಇದನ್ನ ಸರಿಮಾಡು. ಆಮೇಲೆ ಎಲ್ಲಿ ಕೂತು ಅವನನ್ನ ನೋಡಿ ನಕ್ಕಿರೋ ಅಲ್ಲೇ ಹೋಗಿ ಹೇಳು."

ಹೊಸ ಸೀಲನ್ನು ಅವನು ಅವಳ ಕೈಗೇ ಕೊಟ್ಟ. "ತುಟಿಗೆ ಎಣ್ಣೆ ಸವರು. ನಿಧಾನ. ತಿರುಗಿಸ್ತಾ ಒತ್ತು."

ಶನಿವಾರ ಮದ್ಯದಂಗಡಿ ತುಂಬಿದ್ದಾಗ ಸ್ಟಾಮೆನ್ ಎದ್ದು ನಿಂತ. "ಲ್ಯುಬೆನ್ ಎಣ್ಣೆ ಸರಿಯಾಗೇ ಹಾಕಿದ್ದ. ತಪ್ಪು ನಂದು."

"ಈಗ ಹೇಳಿದ್ರೆ ಸತ್ತೋನಿಗೆ ಕೇಳಿಸುತ್ತಾ?" ಎಂದ ಒಬ್ಬ.

"ನಿಮಗೆ ಕೇಳಿಸ್ತಲ್ಲ."

ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ಮುದುಕನೊಬ್ಬ ಲ್ಯುಬೆನನ ಹೆಸರು ಹೇಳಿ, ಸತ್ತವರ ನೆನಪಿಗೆ ಚೆಲ್ಲುವ ರೂಢಿಯಂತೆ, ತನ್ನ ಲೋಟದಿಂದ ನಾಲ್ಕು ಹನಿ ವೈನ್ ನೆಲಕ್ಕೆ ಚೆಲ್ಲಿದ. ಉಳಿದವರೂ ಚೆಲ್ಲಿದರು.

ಮೇ ತಿಂಗಳ ಮೊದಲ ಸೋಮವಾರ ನೆವೆನಾ ಬೈಕು ಹತ್ತಿದಳು. ಎಂಜಿನಿನ ಸದ್ದು ಕೇಳಬೇಕೆಂದು ಸ್ಟಾಮೆನ್ ಹಿಂದೆ ಕೂತ. ಇಪ್ಪತ್ತೆರಡು ಕಿಲೋಮೀಟರ್ ಏರು. ಎಲ್ಲೂ ಹೊಗೆಯಿಲ್ಲ, ಎಲ್ಲೂ ತಡವರಿಸಲಿಲ್ಲ. ಛತ್ರದ ಮುಂದೆ ಅವಳು ಎಂಜಿನ್ ಆರಿಸಿದಳು.

"ಐನೂರು ಕಿಲೋಮೀಟರ್ ಆದ್ಮೇಲೆ ಬೋಲ್ಟುಗಳನ್ನ ಇನ್ನೊಂದ್ಸಲ ಬಿಗಿ ಮಾಡ್ಬೇಕು. ಬರ್ತೀಯಲ್ಲ?" ಎಂದ ಅವನು.

"ಬರದೆ ಎಲ್ಲಿಗೆ ಹೋಗ್ಲಿ? ಇಳಿ, ಸೌದೆ ಒಳಗೆ ತಗೊಂಡ್ ಬಾ. ಮಧ್ಯಾಹ್ನಕ್ಕೆ ಮೂವತ್ತು ಜನ ಊಟಕ್ಕಿದ್ದಾರೆ."