ಹಮಾಲಿ ಗೋಧಿಯ ಪರೀಕ್ಷೆ

ಗಾಜಿನ ಮನೆಯ ಇಪ್ಪತ್ನಾಲ್ಕು ಕುಂಡಗಳಲ್ಲೂ ಗೋಧಿ ಹಸಿರಾಗಿ ನಿಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಕಣ್ಣು ತಂಪಾಯಿತು ಎನ್ನುತ್ತಿದ್ದರು. ಸಂಶೋಧಕಿಗೆ ಮಾತ್ರ ಎದೆ ಧಸಕ್ಕೆಂದಿತು.

ಅರ್ಧದಷ್ಟಾದರೂ ಒಣಗಿರಬೇಕಿತ್ತು! ಹನ್ನೆರಡು ಕುಂಡಗಳಲ್ಲಿ ಮಾಮೂಲಿ ಗೋಧಿ. ಉಳಿದ ಹನ್ನೆರಡರಲ್ಲಿ, ಅವಳು ನಾಲ್ಕು ವರ್ಷ ಜೀವ ತೇಯ್ದು ಒಂದು ವಂಶವಾಹಿ ಸೇರಿಸಿದ ಗೋಧಿ. ಅಮೈನೋ ಆಮ್ಲಗಳನ್ನು ಜೀವಕೋಶದೊಳಕ್ಕೆ ಸಾಗಿಸುವ ಕೆಲಸ ಆ ವಂಶವಾಹಿಯದು. ಹಾಗಾಗಿ ಲ್ಯಾಬಿನವರು ಅದಕ್ಕೆ 'ಹಮಾಲಿ' ಎಂದೇ ಹೆಸರಿಟ್ಟಿದ್ದರು. ಬರಗಾಲದಲ್ಲಿ ಹಮಾಲಿ ನಾಲ್ಕು ಮೂಟೆ ಹೆಚ್ಚು ಹೊತ್ತರೆ ಕೋಶ ತನ್ನ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಗಿಡ ಬಾಡುವುದಿಲ್ಲ ಎಂಬುದು ಅವಳ ವಾದ. ಕುಂಡಗಳ ಮೇಲೆ ಬರೀ ನಂಬರು. ಯಾವುದರಲ್ಲಿ ಏನಿದೆ ಎಂಬ ಪಟ್ಟಿ ಪ್ರೊಫೆಸರರ ಡ್ರಾಯರಿನಲ್ಲಿ, ಅಂಟಿಸಿದ ಲಕೋಟೆಯೊಳಗೆ. ಹಿಂದೆ ಎರಡು ಸಲ ಪ್ರಯೋಗ ಕೈಕೊಟ್ಟಿತ್ತು. ಪ್ರೊಫೆಸರ್ ಮುಲಾಜಿಲ್ಲದೆ ಹೇಳಿದ್ದರು: "ಇದೇ ಕೊನೆ ಕಣಮ್ಮ. ಈ ಸಲಾನೂ ವ್ಯತ್ಯಾಸ ಕಾಣ್ದಿದ್ರೆ ಹಮಾಲಿನ ಮನೆಗೆ ಕಳಿಸಿ ಬೇರೆ ವಿಷಯ ಹಿಡಿ."

ಎಲ್ಲ ಕುಂಡಗಳಿಗೂ ನೀರು ನಿಲ್ಲಿಸಿದ ಮೂರನೇ ದಿನವೇ ಅವಳಿಗೆ ಜ್ವರ ಬಂದಿತ್ತು. ಎರಡು ವಾರ ಹಾಸಿಗೆ ಹಿಡಿದು ಎದ್ದು ಬಂದರೆ ಈ ಹಾಳು ಹಸಿರು! ಹಮಾಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದಾಯಿತಲ್ಲ. ನಾಲ್ಕು ವರ್ಷ ನೀರಿನಲ್ಲಿ ಹೋಮ ಮಾಡಿದೆನೇ ಎಂದು ಅಳು ಒತ್ತರಿಸಿ ಬಂತು.

ಏನೋ ಅನ್ನಿಸಿ ಒಂದು ಕುಂಡದ ಮಣ್ಣಿಗೆ ಬೆರಳು ಚುಚ್ಚಿದಳು. ಹಸಿ. ಪಕ್ಕದ್ದು ಬೂದಿಯಂತೆ ಒಣಕಲು. ಅದರಾಚೆಯದು ಮತ್ತೆ ಹಸಿ.

"ದೊಡ್ಡಮ್ಮಾ!"

ಗಾಜಿನ ಮನೆ ಗುಡಿಸಿ ಕಾಯುವಾಕೆ, ಎಲ್ಲರ ಬಾಯಲ್ಲೂ ದೊಡ್ಡಮ್ಮ, ಪೊರಕೆ ಹಿಡಿದೇ ಬಂದಳು.

"ಇವಕ್ಕೆ ನೀರು ಹಾಕಿದ್ರಾ?"

"ದಿನಾ ಒಂದೊಂದು ಲೋಟ."

"ಹಾಕ್ಬೇಡಿ ಅಂತ ಬಾಗಿಲ ಮೇಲೆ ಇಷ್ಟು ದಪ್ಪಕ್ಕೆ ಬರೆದಿದ್ದೀನಲ್ಲ!"

"ಓದ್ಕೊಂಡೇ ಹಾಕ್ದೆ. ಬಾಯಾರಿ ಎಲೆ ಸುರುಳಿ ಸುತ್ಕೊಂಡಿದ್ವು. ಎಷ್ಟು ದಿನ ಅಂತ ಕಲ್ಲು ಮನಸ್ಸು ಮಾಡ್ಲಿ?"

"ಮತ್ತೆ ಈ ಒಣ ಮಣ್ಣಿನವಕ್ಯಾಕೆ ಹಾಕ್ಲಿಲ್ಲ?"

"ಇವು ಕೇಳ್ಲೇ ಇಲ್ಲವಲ್ಲ ಮಗಳೇ. ನೆಟ್ಟಗೆ ನಿಂತಿದ್ವು. ಬೇಡ ಅನ್ನೋರಿಗೆ ಯಾಕೆ ಬಲವಂತ?"

ಸಂಶೋಧಕಿ ಬಯ್ಯುವುದನ್ನೇ ಮರೆತಳು. ಅವಳು ಒಂದೊಂದೇ ಕುಂಡಕ್ಕೆ ಬೆರಳಿಟ್ಟು ಒಣ ಮಣ್ಣಿನವುಗಳ ನಂಬರು ಅಂಗೈ ಮೇಲೆ ಬರೆದುಕೊಂಡಳು. ಸರಿಯಾಗಿ ಹನ್ನೆರಡು! ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಪ್ರೊಫೆಸರ್ ನಡೆದದ್ದನ್ನೆಲ್ಲ ಕೇಳಿ, ಲಕೋಟೆ ಹರಿದು, ಅವಳ ಅಂಗೈ ನೋಡಿ ನೋಡಿ ಪಟ್ಟಿಯ ಮೇಲೆ ಪೆನ್ಸಿಲ್ ಆಡಿಸಿದರು. ಹನ್ನೆರಡಕ್ಕೆ ಹನ್ನೆರಡೂ ಹಮಾಲಿ ಗೋಧಿ.

"ಪ್ರಯೋಗ ಕೆಟ್ಟಿದೆ," ಎಂದರು. "ಇದನ್ನ ಎಲ್ಲೂ ಬರೆಯೋ ಹಾಗಿಲ್ಲ. ಮೊದಲಿಂದ ಮಾಡು." ಆಮೇಲೆ ನಗು ತಡೆಯಲಾರದೆ, "ಹಮಾಲಿ ನಮ್ಮಲ್ಲೇ ಇರ್ಲಿ," ಎಂದರು.

ಹೋದ ಜೀವ ಬಂದಂತಾಯಿತು. ಮೊದಲಿಂದ ಮಾಡುವುದೇನು ಮಹಾ, ಹತ್ತು ಸಲ ಮಾಡಿಯಾಳು. ಗಾಜಿನ ಮನೆಗೆ ಮರಳಿ ದೊಡ್ಡಮ್ಮನನ್ನು ಪೊರಕೆ ಸಮೇತ ತಬ್ಬಿಕೊಂಡಳು. ಕಣ್ಣೀರು ಆಗ ಬಂತು.

"ಆದ್ರೆ ಮುಂದಿನ ಸಲ ಒಂದು ಹನಿನೂ ಹಾಕ್ಬಾರ್ದು ದೊಡ್ಡಮ್ಮ. ಒಣಗಿದ್ರೆ ಒಣಗ್ಲಿ."

ದೊಡ್ಡಮ್ಮ ಸೊಂಟದಿಂದ ಗಾಜಿನ ಮನೆಯ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟಳು.

"ಹಂಗಾದ್ರೆ ಇದು ನಿನ್ನ ಹತ್ರಾನೇ ಇರ್ಲಿ ತಾಯಿ. ನನ್ನ ಕೈಲಿ ನೋಡೋಕಾಗಲ್ಲ."